ಐಎಸ್ಒ ಫೈಲ್ ಆಯ್ತು ಅಂತ ಡಿಸ್ಕ್ ಬಿಸಾಡಬೇಡಿ

ಹಳೇ ಮದುವೆ ಡಿವಿಡಿ, ನಾಮಕರಣದ ಸಿಡಿ ಎಲ್ಲ ಕಂಪ್ಯೂಟರಿಗೆ ಹಾಕಿಕೊಂಡು ಡಿಸ್ಕ್‌ಗಳನ್ನು ಗುಜರಿಗೆ ಕೊಡೋಣ ಅಂದುಕೊಂಡಿದ್ದೀರಾ? ದಯವಿಟ್ಟು ಇದನ್ನು ಓದಿ. ನಾನು ಹಾಗೆ ಮಾಡಿ ನಮ್ಮಜ್ಜಿಯ ದನಿ ಕಳೆದುಕೊಂಡೆ.

ಅಕ್ಕನ ಮದುವೆ 2007ರಲ್ಲಿ, ಸಾಗರದ ಹತ್ತಿರ ನಮ್ಮೂರಲ್ಲಿ ಆಗಿದ್ದು. ವಿಡಿಯೋದವರು ಒಂದೇ ಥರದ ಎರಡು ಡಿವಿಡಿ ಕೊಟ್ಟಿದ್ದರು, ನಮಗೊಂದು, ಅಕ್ಕನಿಗೊಂದು. ಹಸೆಗೆ ಕರೆಯುವಾಗ ಅಜ್ಜಿ ಹೇಳಿದ ಹಾಡು ಅದರಲ್ಲಿ ಪೂರ್ತಿ ಇತ್ತು. ಅಜ್ಜಿ ಈಗಿಲ್ಲ. ಅವರ ದನಿ ಬೇರೆಲ್ಲೂ ಇಲ್ಲ.

ಹೋದ ವರ್ಷ ಮನೆ ಬದಲಿಸುವಾಗ ಲಿನಕ್ಸಿನಲ್ಲಿ ಡಿಡಿ ಅನ್ನುವ ನಕಲು ಮಾಡುವ ಕಮಾಂಡ್ ಕೊಟ್ಟು ಇಮೇಜ್, ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೇ ಒಂದು ಐಎಸ್ಒ ಫೈಲಾಗಿ, ಮಾಡಲು ಕೂತೆ. ಮೊದಲ ಸಲ ಅರ್ಧಕ್ಕೇ ನಿಂತಿತು. ಎರರ್ ಬಂದರೂ ಮುಂದೆ ಹೋಗಲಿ ಅಂತ ನೋಎರರ್, ಸಿಂಕ್ ಅನ್ನುವ ಎರಡು ಆಯ್ಕೆಗಳನ್ನೂ ಸೇರಿಸಿ ಮತ್ತೆ ಓಡಿಸಿದೆ. ಡ್ರೈವ್ ನಡುನಡುವೆ ಕಿರ್ ಅಂತ ತಿಣುಕುತ್ತಿತ್ತು, ಇನ್‌ಪುಟ್ ಔಟ್‌ಪುಟ್ ಎರರ್ ಅಂತ ಸಾಲು ಸಾಲು ಬರುತ್ತಿತ್ತು, ನಾನು ಪಾತ್ರೆ ಪ್ಯಾಕ್ ಮಾಡುತ್ತಾ ಇದ್ದೆ. ಕೊನೆಗೆ ಬಂದ ಫೈಲಿನ ಅಳತೆ ಡಿಸ್ಕಿನ ಅಳತೆಗೆ ಸರಿಹೋಯ್ತು. ಮೊದಲ ಎರಡು ನಿಮಿಷ ಓಡಿಸಿ ನೋಡಿದೆ, ಚೆನ್ನಾಗಿತ್ತು. ಮಾರನೇ ದಿನ ಡಿಸ್ಕ್ ಗುಜರಿಗೆ ಹೋಯ್ತು.

ದೀಪಾವಳಿಗೆ ಎಲ್ಲರೂ ಸೇರಿದಾಗ ಟಿವಿಗೆ ಹಾಕಿದೆ. ಅಜ್ಜಿ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದರು. ಅಷ್ಟೇ. ಪರದೆ ತುಂಬ ಹಸಿರು ಚೌಕ, ಆಮೇಲೆ ನೇರ ಊಟದ ಪಂಕ್ತಿ. ಅಮ್ಮ ಏನೂ ಹೇಳದೆ ಒಳಗೆ ಎದ್ದು ಹೋದರು.

ಆಗಿದ್ದು ಇಷ್ಟು. ಸಿಂಕ್ ಅಂತ ಕೊಟ್ಟರೆ ಓದಲು ಆಗದ ಜಾಗಕ್ಕೆಲ್ಲ ಡಿಡಿ ಸೊನ್ನೆ ತುಂಬುತ್ತದೆ. ಅದಕ್ಕೇ ಒಳಗೆ ತೂತು ಬಿದ್ದಿದ್ದರೂ ಅಳತೆ ಸರಿಯಾಗಿ ಕಾಣುತ್ತದೆ. ಡಿವಿಡಿಯ ಒಂದು ಸೆಕ್ಟರ್ (ಡಿಸ್ಕಿನಲ್ಲಿ ಡೇಟಾ ಇಡುವ ಚಿಕ್ಕ ತುಂಡು) 2048 ಬೈಟ್, ಆದರೆ ನಾನು ಬೇಗ ಆಗಲಿ ಅಂತ ಬ್ಲಾಕ್ ಅಳತೆಯನ್ನು, ಅಂದರೆ ಡಿಡಿ ಒಂದು ಸಲಕ್ಕೆ ಓದುವಷ್ಟನ್ನು, 1 ಎಂಬಿಗೆ ಇಟ್ಟಿದ್ದೆ. ಹಾಗೆ ಮಾಡಿದರೆ ಒಂದು ಸೆಕ್ಟರ್ ಕೆಟ್ಟಿದ್ದರೂ ಅದರ ಅಕ್ಕಪಕ್ಕದ ಒಳ್ಳೇ ಭಾಗವೂ ಸೊನ್ನೆಯಾಗಬಹುದು. ಇಂಥ ಫೈಲಿಗೆ ಎಂಡಿ5 (ಫೈಲ್ ಬದಲಾಗಿದೆಯೇ ಅಂತ ನೋಡಲು ಬಳಸುವ ಗುರುತಿನ ಸಂಖ್ಯೆ) ತೆಗೆದರೂ ಪ್ರಯೋಜನವಿಲ್ಲ, ಅದು ತೂತಿರುವ ಫೈಲನ್ನೇ ಲೆಕ್ಕ ಹಾಕುತ್ತದೆ.

ಗೀರು ಬಿದ್ದ ಡಿಸ್ಕಿಗೆ ಡಿಡಿ ಬೇಡ. ಕೆಟ್ಟ ಡಿಸ್ಕಿನಿಂದ ಡೇಟಾ ತೆಗೆಯಲು ಡಿಡಿರೆಸ್ಕ್ಯೂ ಅಂತ ಒಂದು ಪ್ರೋಗ್ರಾಂ ಇದೆ, ಅದನ್ನು ಬಳಸಿ, ಮ್ಯಾಪ್ ಫೈಲಿನ ಹೆಸರು ಮರೆಯದೆ ಕೊಡಿ. ಅದು ಮೊದಲು ಸುಲಭವಾಗಿ ಸಿಗುವುದನ್ನೆಲ್ಲ ತೆಗೆದು, ಆಮೇಲೆ ಕಷ್ಟದ ಜಾಗಕ್ಕೆ ವಾಪಸ್ ಹೋಗುತ್ತದೆ. ಯಾವುದು ಸಿಕ್ಕಿದೆ, ಯಾವುದು ಇಲ್ಲ ಅಂತ ಮ್ಯಾಪಿನಲ್ಲಿ ಬರೆದಿಡುತ್ತದೆ. ನಿಲ್ಲಿಸಿ, ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ (ಸುತ್ತಲೂ ತಿರುಗಿಸಿ ಒರೆಸಬೇಡಿ), ಬೇರೆ ಡ್ರೈವಿಗೆ ಹಾಕಿ ಅಲ್ಲಿಂದಲೇ ಮುಂದುವರಿಸಬಹುದು. ಎಫ್ಎಟಿ32 ಫಾರ್ಮ್ಯಾಟ್ ಇರುವ ಪೆನ್‌ಡ್ರೈವಿಗೆ ಉಳಿಸಲು ಹೋಗಬೇಡಿ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಮುಗಿದ ಮೇಲೆ ವಿಡಿಯೋ ಪೂರ್ತಿ ನೋಡಿ, ಬರೀ ಶುರುವಿನ ಎರಡು ನಿಮಿಷ ಅಲ್ಲ.

ಅಕ್ಕನ ಡಿಸ್ಕ್ ದಾವಣಗೆರೆಯಿಂದ ತರಿಸಿದೆ. ಅದಕ್ಕೂ ಗೀರು ಬಿದ್ದಿತ್ತು. ಎರಡು ದಿನ ಡಿಡಿರೆಸ್ಕ್ಯೂ ಓಡಿಸಿದೆ. ನಮ್ಮ ಡಿಸ್ಕ್ ಕೈಲಿದ್ದಿದ್ದರೆ, ಎರಡೂ ಒಂದೇ ಆದ್ದರಿಂದ, ಅದೇ ಮ್ಯಾಪ್ ಇಟ್ಟುಕೊಂಡು ಅಕ್ಕನದರಲ್ಲಿ ಸಿಗದಿದ್ದನ್ನು ನಮ್ಮದರಿಂದ ತುಂಬಿಸಬಹುದಿತ್ತು. ಈಗ ಹಾಡಿನ ಕೊನೆಯ ನುಡಿ ಮಾತ್ರ ಸಿಕ್ಕಿದೆ. ಅಮ್ಮ ಅದನ್ನೇ ಫೋನಿಗೆ ಹಾಕಿಸಿಕೊಂಡಿದ್ದಾರೆ.