ಸೂಪರ್ ಮಾರ್ಕೆಟ್ ಹಿಂದಿನ ಬೈಂಡಿಂಗ್ ಅಂಗಡಿಯೂ ಮಾರ್ಗರೆಟ್ ಆಳ್ವ ಅವರ ಮೂರು ಸಂಪುಟಗಳೂ

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ, ನಾಮಫಲಕವೂ ಇಲ್ಲದ ಚಿಕ್ಕದೊಂದು ಬೈಂಡಿಂಗ್ ಅಂಗಡಿಗೆ ನಾನು ಕಳೆದ ತಿಂಗಳು ಒಂದು ಟ್ರಂಕಿನಷ್ಟು ಪತ್ರಿಕಾ ತುಣುಕುಗಳನ್ನು ಒಯ್ದಿದ್ದೆ. ಅವು ನನ್ನ ಅತ್ತೆ ಕೂಡಿಟ್ಟವು. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗದಷ್ಟು ಸ್ಥಾನ ಮೀಸಲಿಟ್ಟ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಮೇಲೆ ಕಮಲಾಪುರ ಕಡೆಯ ಹಳ್ಳಿಯೊಂದರಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದ ಅವರು, ಕಾಂಗ್ರೆಸ್ ನಾಯಕಿ ಮಾರ್ಗರೆಟ್ ಆಳ್ವ ಅವರ ಬಗ್ಗೆ ಎಲ್ಲಿ ಏನು ಅಚ್ಚಾದರೂ ಕತ್ತರಿಸಿ, ಹಾಳೆಗೆ ಅಂಟಿಸಿ, ಮೇಲಂಚಿನಲ್ಲಿ ತಾರೀಖು ಬರೆದಿಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕು ರಾಜ್ಯಶಾಸ್ತ್ರ ಕಲಿಸುವ ನನ್ನ ಪಾಲಿಗೆ ಬಂತು. ಕಾಲೇಜಿನ ವಾಚನಾಲಯದಲ್ಲಿ ಅದನ್ನು ಹುಡುಗಿಯರ ಕೈಗೆ ಸಿಗುವಂತೆ ಇಡಬೇಕೆಂಬುದು ನನ್ನ ಆಸೆ.

ಮೊದಲು ವಿಚಾರಿಸಿದ ಜೆರಾಕ್ಸ್ ಅಂಗಡಿಯವರು ಸ್ಪೈರಲ್ ಹಾಕಿಕೊಡುತ್ತೇವೆ ಎಂದರು; ಹಾಗೆ ಮಾಡಿದರೆ ತೂತುಗಳು ಅಕ್ಷರಗಳನ್ನೇ ನುಂಗುತ್ತಿದ್ದವು. ಇಲ್ಲಿಯ ಯಜಮಾನರು ನಾಲ್ಕು ಹಾಳೆ ತಿರುವಿ ನೋಡಿ, ಮನೆಗೆ ಹೋಗಿ ಇಸವಿವಾರು ಜೋಡಿಸಿ ತನ್ನಿರಿ, ನಡುವೆ ಬಿಟ್ಟುಹೋದ ವರ್ಷಗಳಿದ್ದರೆ ಈಗಲೇ ಸೇರಿಸಿರಿ ಎಂದರು. ಎರಡು ಭಾನುವಾರ ಆ ಕೆಲಸಕ್ಕೇ ಹೋದವು. ಹಳೆಯ ವರ್ಷಗಳ ಪ್ರತಿಗಳನ್ನು ಗ್ರಂಥಾಲಯದಿಂದ ತೆಗೆಸಿದೆ.

ಹಾಗೆ ಜೋಡಿಸಿದಾಗಲೇ ಆ ಬದುಕಿನ ಉದ್ದ ನನ್ನ ಕಣ್ಣಿಗೆ ಬಿತ್ತು. 1942ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕಾನೂನು ಓದಿದ ಆಳ್ವ ಅವರು 1974ರಲ್ಲಿ, 32ನೇ ವಯಸ್ಸಿಗೆ ರಾಜ್ಯಸಭೆ ಪ್ರವೇಶಿಸಿದರು. ಅವರ ಅತ್ತೆ ವಯಲೆಟ್ ಆಳ್ವ ಅದೇ ಸದನದ ಮೊದಲ ಮಹಿಳಾ ಉಪಸಭಾಪತಿಯಾಗಿದ್ದವರು. ಸತತ ನಾಲ್ಕು ಅವಧಿ, 1998ರವರೆಗೆ, ಸೊಸೆ ಅಲ್ಲಿದ್ದರು. ರಾಜೀವ್ ಗಾಂಧಿ ಸರ್ಕಾರದಲ್ಲಿ ಯುವಜನ, ಕ್ರೀಡೆ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಹೊಣೆ ಹೊತ್ತಿದ್ದಾಗ ಸಿದ್ಧವಾದ 1988ರ ಮಹಿಳಾ ರಾಷ್ಟ್ರೀಯ ಮುನ್ನೋಟ ಯೋಜನೆಯು ಸ್ಥಳೀಯ ಸಂಸ್ಥೆಗಳಲ್ಲಿ ಶೇ 30 ಮೀಸಲಾತಿಯನ್ನು ಶಿಫಾರಸು ಮಾಡಿತ್ತು. ನನ್ನ ಅತ್ತೆ ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾರೆ. ತಮ್ಮ ಪಂಚಾಯಿತಿ ಕುರ್ಚಿಯ ಬೇರು ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು.

ಕೆಲಸದ ಗುಣಮಟ್ಟದ ಬಗ್ಗೆ ನಾನು ಮನಸಾರೆ ಮೆಚ್ಚಿ ಬರೆಯುತ್ತಿದ್ದೇನೆ. ಮೇಣ ಸವರಿದ ದಾರದಿಂದ ಕೈಹೊಲಿಗೆ ಹಾಕಿ, ಗೆದ್ದಲು ಹತ್ತದಂತೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ, ದಪ್ಪ ರಟ್ಟಿಗೆ ಹಸಿರು ಕ್ಯಾಲಿಕೊ ಬಟ್ಟೆ ಹೊದಿಸಿದ್ದಾರೆ. ಬೆನ್ನು ಬಿಗಿಯಾಗಿದ್ದರೂ ಪುಟಗಳು ಮೇಜಿನ ಮೇಲೆ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತವೆ. ಎರಡನೇ ಸಂಪುಟದಲ್ಲಿ ಎಡಕ್ಕೆ 1989ರ ಅಕ್ಟೋಬರಿನ ಸುದ್ದಿ, ಅಂದರೆ ಪಂಚಾಯಿತಿ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋದದ್ದು. ಬಲಕ್ಕೆ 1992ರ ಡಿಸೆಂಬರಿನಲ್ಲಿ ಅಂಥದೇ ಮಸೂದೆ ಎರಡೂ ಸದನಗಳಲ್ಲಿ ಅಂಗೀಕಾರವಾದ ಸುದ್ದಿ. ನಡುವಿನ ಮಡಿಕೆಯಲ್ಲಿ ಒಂದಕ್ಷರವೂ ಮುಚ್ಚಿಹೋಗಿಲ್ಲ.

ಲೋಪವೂ ಆಗಿದೆ. ಮೂರನೇ ಸಂಪುಟದ ಅಂಚು ಸಮ ಮಾಡುವಾಗ ಕಟಿಂಗ್ ಮಷೀನು ಏಳು ಹಾಳೆಗಳ ಮೇಲಂಚನ್ನು, ಅದರೊಡನೆ ಅತ್ತೆಯ ಕೈಬರಹದ ತಾರೀಖುಗಳನ್ನು ತಿಂದುಹಾಕಿತು. ನನಗೆ ತುಂಬಾ ಸಂಕಟವಾಯಿತು. ಉತ್ತರ ಕನ್ನಡದಿಂದ 1999ರಲ್ಲಿ ಗೆದ್ದು 2004ರಲ್ಲಿ ಸೋತ ಸುದ್ದಿಗಳ ಇಸವಿಯನ್ನು ಯಾರಾದರೂ ಹೇಳಿಯಾರು. ಆದರೆ ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಟಿಕೆಟುಗಳು ಮಾರಾಟವಾದವೆಂದು ಆಳ್ವ ಅವರು ಬಹಿರಂಗವಾಗಿ ಹೇಳಿ ಪಕ್ಷದ ಪ್ರಧಾನ ಕಾರ್ಯದರ್ಶಿ ಸ್ಥಾನ ಕಳೆದುಕೊಂಡ 2008ರ ತುಣುಕಿನಲ್ಲಿ ತಾರೀಖೇ ಇಲ್ಲವಾದರೆ, ಆ ಮಾತು ಮೇ ತಿಂಗಳ ಮತದಾನಕ್ಕೆ ಮುಂಚೆ ಬಂತೋ, ನವೆಂಬರಿನಲ್ಲಿ ಬಂತೋ ಎಂಬುದು ಓದುವ ಹುಡುಗಿಗೆ ತಿಳಿಯುವುದಿಲ್ಲ. ಆಗ ಆ ಮಾತಿನ ಅರ್ಥವೇ ಬದಲಾಗುತ್ತದೆ. ಯಜಮಾನರು ವಾದಕ್ಕಿಳಿಯಲಿಲ್ಲ. ನಾನು ಬರೆದುಕೊಟ್ಟ ಚೀಟಿಗಳನ್ನು ತಾವೇ ಕೂತು ಒಂದೊಂದಾಗಿ ಅಂಟಿಸಿಕೊಟ್ಟರು, ಹಣ ಕೇಳಲಿಲ್ಲ. ಆದರೂ ಅತ್ತೆಯ ಅಕ್ಷರ ಹೋದದ್ದು ಹೋಯಿತು. ನೀವು ಒಯ್ಯುವುದಾದರೆ ಅಂಚು ಕತ್ತರಿಸಕೂಡದೆಂದು ಮೊದಲೇ ಬರೆದುಕೊಡಿ.

ಸಂಪುಟಕ್ಕೆ 350 ರೂಪಾಯಿ ತೆಗೆದುಕೊಂಡರು. ಒಂಬತ್ತು ದಿನ ಎಂದದ್ದು ಹನ್ನೆರಡು ದಿನವಾಯಿತು. ಉತ್ತರಾಖಂಡದ ಮೊದಲ ಮಹಿಳಾ ರಾಜ್ಯಪಾಲರಾಗಿ, ನಂತರ ರಾಜಸ್ಥಾನದಲ್ಲಿ ಆಳ್ವ ಅವರು ಇದ್ದ ವರ್ಷಗಳ ತುಣುಕುಗಳು ತೀರ ಕಡಿಮೆ. ಕೊನೆಯ ತುಣುಕು ನಾನೇ ಕತ್ತರಿಸಿದ್ದು: 2022ರ ಆಗಸ್ಟ್ 6ರ ಉಪರಾಷ್ಟ್ರಪತಿ ಚುನಾವಣೆಯಲ್ಲಿ ಜಗದೀಪ್ ಧನಕರ್ ಅವರಿಗೆ 528, ಆಳ್ವ ಅವರಿಗೆ 182 ಮತಗಳು. ಅದರ ಹಿಂದೆ, ನಾನು ಹೇಳದಿದ್ದರೂ, ಯಜಮಾನರು ಇಪ್ಪತ್ತು ಖಾಲಿ ಹಾಳೆಗಳನ್ನು ಸೇರಿಸಿ ಹೊಲಿದಿದ್ದಾರೆ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಕೊಡುವ 2023ರ 106ನೇ ತಿದ್ದುಪಡಿಯ ಸುದ್ದಿಯನ್ನು ನಿನ್ನೆ ಸಂಜೆ ಅದರ ಮೊದಲ ಹಾಳೆಗೆ ಅಂಟಿಸಿ, ತಾರೀಖನ್ನು ಈ ಸಲ ಅಂಚಿನಿಂದ ಎರಡು ಬೆರಳು ಒಳಗೆ ಬರೆದೆ.