ಕಟ್ಟಿಕೊಂಡ ವಾಶ್ ಬೇಸಿನ್‌ಗೆ ಪುಡಿಯ ಮೇಲೆ ಆಸಿಡ್ ಸುರಿಯಲು ಬಿಡಬೇಡಿ

ಬಚ್ಚಲುಮನೆಯ ವಾಶ್ ಬೇಸಿನ್‌ನಲ್ಲಿ ನೀರು ಇಳಿಯದೆ ನಿಂತರೆ ಅಂಗಡಿಯಿಂದ ಪುಡಿ ತಂದು ಹಾಕುವುದು, ಅದಕ್ಕೂ ಬಗ್ಗದಿದ್ದರೆ ಆಸಿಡ್ ಸುರಿಯುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಅದರಲ್ಲಿ ಅಪಾಯವಿದೆಯೆಂದು ಯಾರಿಗೂ ಅನ್ನಿಸುವುದೇ ಇಲ್ಲ. ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಇವೆರಡೂ ಒಂದರ ಹಿಂದೆ ಒಂದು ನಡೆದು, ಕೆಲಸಕ್ಕೆ ಬಂದವರ ಮುಂಗೈ ಸುಟ್ಟಿತು, ನನ್ನ ತಾಯಿ ರಾತ್ರಿಯಿಡೀ ಕೆಮ್ಮುವಂತಾಯಿತು, ಬೇಸಿನ್ ಕೆಳಗಿನ ಕೊಳವೆಗಳನ್ನೆಲ್ಲ ಬದಲಿಸಬೇಕಾಯಿತು. ಇದು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂದು ನಡೆದುದನ್ನು ಬರೆಯುತ್ತಿದ್ದೇನೆ.

ಬೇಸಿನ್ ಕೆಲವು ವಾರಗಳಿಂದ ನಿಧಾನವಾಗಿತ್ತು. ಮನೆಯ ಮಾಲೀಕರಿಗೆ ತಿಳಿಸಿದಾಗ ಅವರು ಕಟ್ಟಡ ನೋಡಿಕೊಳ್ಳುವವರ ಕೈಯಲ್ಲಿ ಪೈಪು ಬಿಡಿಸುವ ಪುಡಿ ಕಳಿಸಿದರು. ಆಗ ನಾನು ಕೆಲಸಕ್ಕೆ ಹೋಗಿದ್ದೆ. ಬಂದವರು ನಿಂತ ನೀರಿನಲ್ಲೇ ಇಡೀ ಪ್ಯಾಕೆಟ್ ಸುರಿದು, ರಾತ್ರಿಯವರೆಗೆ ನಲ್ಲಿ ತಿರುಗಿಸಬೇಡಿ ಎಂದು ಹೇಳಿ ಹೊರಟುಹೋದರು. ಸಂಜೆಯ ಹೊತ್ತಿಗೆ, ತೊಟ್ಟಿಕ್ಕುವಷ್ಟಾದರೂ ಇಳಿಯುತ್ತಿದ್ದ ನೀರು ಪೂರ್ತಿ ನಿಂತೇಹೋಗಿತ್ತು. ಮರುದಿನ ಮಾಲೀಕರು ಪ್ಲಂಬರ್ ಒಬ್ಬರನ್ನು ಕಳಿಸಿದರು. ಅಮ್ಮ ಬಾಗಿಲಲ್ಲೇ, "ನಿನ್ನೆ ಯಾರೋ ಬಂದು ಏನೋ ಪುಡಿ ಹಾಕಿ ಹೋದರಪ್ಪ" ಎಂದರು. "ಪುಡಿಗೆಲ್ಲ ಆಗಲ್ಲಮ್ಮ, ಒಂದು ಸಲ ಆಸಿಡ್ ಬಿಟ್ಟರೆ ಸರಿಹೋಗುತ್ತೆ" ಎಂದ ಅವರು, ಯಾವ ಪುಡಿ, ಎಷ್ಟು ಹಾಕಿದ್ದು ಎಂದು ಕೇಳಲಿಲ್ಲ. ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ಚೀಟಿಯಿಲ್ಲದ ಆಸಿಡ್ ತಂದಿದ್ದರು; ಕೈಗವಸು ಇರಲಿಲ್ಲ, ಕನ್ನಡಕವೂ ಇರಲಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಬಿಡಿ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿ, ಕೊಳ್ಳುವವರ ಗುರುತಿನ ಚೀಟಿ ನೋಡಿ ವಿವರ ಬರೆದಿಟ್ಟುಕೊಳ್ಳಬೇಕೆಂದು ಹೇಳಿದೆ. ಆ ಬಾಟಲಿ ಯಾವ ವಹಿಯಲ್ಲಿ ದಾಖಲಾಗಿತ್ತೋ ದೇವರೇ ಬಲ್ಲ.

ಆಸಿಡ್ ಒಳಗಿಳಿದ ಕ್ಷಣದಲ್ಲೇ ಬೇಸಿನ್‌ನ ತೂತಿನಿಂದ ಬುಸ್ಸೆಂದು ಬಿಸಿ ನೊರೆ ಮೇಲಕ್ಕೆ ಚಿಮ್ಮಿ ಅವರ ಮುಂಗೈಗೆ ಬಿತ್ತು. ಇಡೀ ಬಚ್ಚಲುಮನೆಯಲ್ಲಿ ಕಣ್ಣು ಬಿಡಲಾಗದಂಥ ಘಾಟು ತುಂಬಿತು. ಬೇಸಿನ್ ಕೆಳಗಿನ ನೆರಿಗೆ ನೆರಿಗೆಯ ಪ್ಲಾಸ್ಟಿಕ್ ಕೊಳವೆ ಬಿಸಿಗೆ ಮೆತ್ತಗಾಗಿ ಜೋಡಣೆಯಲ್ಲಿ ಕಳಚಿಕೊಂಡು, ಒಳಗಿದ್ದುದೆಲ್ಲ ನೆಲಕ್ಕೆ ಹರಿಯಿತು. ಹೊಸ್ತಿಲಿಗೆ ಹಾಕಿದ್ದ ಬಿಳಿ ಮಾರ್ಬಲ್ ಹೊಳಪು ಕಳೆದುಕೊಂಡು, ಸುಣ್ಣ ಬಳಿದಂತೆ ಮಂಕಾಗಿ ಉಳಿದಿದೆ. ಕೈಗೆ ಟೂತ್‌ಪೇಸ್ಟ್ ಹಚ್ಚಲು ಹೊರಟಿದ್ದ ಅವರನ್ನು ಪಕ್ಕದ ಮನೆಯವರು ತಡೆದು, ಅಡುಗೆಮನೆಯ ನಲ್ಲಿಯ ಕೆಳಗೆ ಕೈ ಹಿಡಿಸಿ, ಬಳಿಕ ಆಸ್ಪತ್ರೆಗೆ ಕರೆದೊಯ್ದರು. ಇಂಥ ಸುಟ್ಟ ಗಾಯಕ್ಕೆ ಮಾಡಬೇಕಾದುದು ಅದೇ: ಹರಿಯುವ ತಣ್ಣೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆ ಬಿಡಿಸಿ ಹಿಡಿದು ತೊಳೆಯುತ್ತ 108ಕ್ಕೆ ಕರೆ ಮಾಡಬೇಕು. ಕ್ಷಾರಕ್ಕೆ ನಿಂಬೆರಸ, ಆಮ್ಲಕ್ಕೆ ಸೋಡಾ ಎಂಬ ಮನೆಮದ್ದು ಮೈಮೇಲೆ ಕೂಡದು, ಏಕೆಂದರೆ ಆಮ್ಲ ಮತ್ತು ಕ್ಷಾರ ಒಂದನ್ನೊಂದು ತಟಸ್ಥಗೊಳಿಸುವಾಗ ಹುಟ್ಟುವ ಬಿಸಿ ಚರ್ಮವನ್ನು ಇನ್ನಷ್ಟು ಸುಡುತ್ತದೆ.

ಒಳಗೆ ಆದುದೂ ಇದೇ. ಪೈಪು ಬಿಡಿಸುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ ಎಂಬ ಪ್ರಬಲ ಕ್ಷಾರ. ಅದು ಜಿಡ್ಡನ್ನು ಸಾಬೂನಾಗಿಸುತ್ತದೆ, ಕೂದಲನ್ನೂ ಕರಗಿಸಬಲ್ಲದು, ಸುಳ್ಳಲ್ಲ. ಆದರೆ ನೀರು ತಗುಲಿದೊಡನೆ ವಿಪರೀತ ಕಾಯುತ್ತದೆ. ಹರಿವಿಲ್ಲದ ಕಡೆ ಒಂದೇ ಕಡೆ ಕೂತು, ತಣಿದ ಮೇಲೆ ಕಲ್ಲಿನಂತೆ ಗಟ್ಟಿಯಾಗಿಬಿಡುತ್ತದೆ. ಹಾಗೆ ಗಟ್ಟಿಯಾದ ಕ್ಷಾರದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ನೀರು ಕುದಿದು ಚಿಮ್ಮುವುದು ಸಹಜ, ಆಮ್ಲದ ಆವಿ ಏಳುವುದೂ ಸಹಜ. ಮನೆಗಳಲ್ಲಿ ಹಾಕುವ ಪಿವಿಸಿ ಕೊಳವೆಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯನ್ನು ಹೆಚ್ಚು ಹೊತ್ತು ತಾಳುವಂಥವಲ್ಲ. ಆದ್ದರಿಂದಲೇ ಕುದಿಯುವ ನೀರು ಸುರಿಯಿರಿ ಎಂಬ ಸಲಹೆಯನ್ನೂ ನಾನು ಒಪ್ಪುವುದಿಲ್ಲ, ಪಿಂಗಾಣಿಯ ಬೇಸಿನ್ ಬಿರುಕು ಬಿಡುವ ಸಂಭವವೂ ಅದರಲ್ಲಿದೆ. ನಮ್ಮ ಮನೆಯಲ್ಲಿ ಮೊದಲು ಬಿದ್ದದ್ದು ಕಾಸ್ಟಿಕ್ ಆದುದರಿಂದ ಇಷ್ಟಕ್ಕೇ ಮುಗಿಯಿತು. ಅದರ ಬದಲು ಬ್ಲೀಚಿಂಗ್ ಪೌಡರನ್ನೋ ಬ್ಲೀಚ್ ಇರುವ ನೆಲ ಒರೆಸುವ ದ್ರವವನ್ನೋ ಹಾಕಿದ್ದು, ಅದರ ಮೇಲೆ ಆಸಿಡ್ ಬಿದ್ದಿದ್ದರೆ ಹೊರಡುತ್ತಿದ್ದುದು ಕ್ಲೋರಿನ್ ಅನಿಲ. ಕಿಟಕಿ ಚಿಕ್ಕದಿರುವ ಬಚ್ಚಲುಮನೆಯಲ್ಲಿ ಅದು ಜೀವಕ್ಕೇ ಎರವಾಗಬಹುದು. ಶೌಚಾಲಯ ತೊಳೆಯುವ ಬಹುತೇಕ ದ್ರವಗಳಲ್ಲಿ ಇರುವುದೂ ಆಮ್ಲವೇ ಎಂಬುದನ್ನು ಇಲ್ಲಿ ನೆನಪಿಡಬೇಕು.

ಬಳಿಕ ಬಂದ ಹಿರಿಯ ಪ್ಲಂಬರ್ ಬಕೆಟ್ ಇಟ್ಟು, ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು ಬೇಸಿನ್ ಕೆಳಗಿನ ಬಟ್ಟಲು, ಅಂದರೆ ಬಾಟಲ್ ಟ್ರ್ಯಾಪ್ ಬಿಚ್ಚಿದಾಗ ಹೊರಬಂದದ್ದು ಬಿಳಿಯ ಗಟ್ಟಿ ಉಂಡೆ, ಅದರ ಹಿಂದೆ ಕಡಲೆಹಿಟ್ಟು ಮೆತ್ತಿಕೊಂಡು ಜಡೆಯಂತೆ ಹೆಣೆದುಕೊಂಡಿದ್ದ ಕೂದಲು. ಹಿತ್ತಾಳೆಯ ತಿರುಪಿನ ಮರೆಗಳನ್ನು ಆಸಿಡ್ ತಿಂದುಹಾಕಿದ್ದರಿಂದ ಟ್ರ್ಯಾಪ್ ಮತ್ತೆ ಕೂರಲಿಲ್ಲ. ಮೇಲೆ ಬೇಸಿನ್‌ನ ತೂತಿಗೆ ಕೂರಿಸಿದ್ದ ವೇಸ್ಟ್ ಕಪ್ಲಿಂಗ್‌ನ ಕ್ರೋಮ್ ಕಪ್ಪಾಗಿತ್ತು. "ಮೊದಲ ದಿನವೇ ಕೈಯಲ್ಲಿ ತಿರುಗಿಸಿದ್ದರೆ ಬಿಚ್ಚಿಕೊಳ್ಳುತ್ತಿತ್ತು ಸಾರ್" ಎಂದರು ಅವರು.

ಅವರು ಹೇಳಿದ್ದು ಅಕ್ಷರಶಃ ನಿಜ. ಬೇಸಿನ್ ಕೆಳಗೆ ನೇತಾಡುವ ಬಟ್ಟಲಿನಂಥ ಭಾಗವೇ ಬಾಟಲ್ ಟ್ರ್ಯಾಪ್. ಅದರಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತು ಚರಂಡಿಯ ವಾಸನೆ ಮತ್ತು ಜಿರಳೆ ಮೇಲೆ ಬಾರದಂತೆ ತಡೆಯುತ್ತದೆ. ಕಸ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಅಲ್ಲಿ, ಇಲ್ಲವೇ ತೂತಿಗೆ ಸ್ವಲ್ಪವೇ ಕೆಳಗೆ. ಕೆಳಗೆ ಬಕೆಟ್ ಇಟ್ಟು, ತಳದ ಬಟ್ಟಲನ್ನು ಒದ್ದೆ ಬಟ್ಟೆಯಿಂದ ಹಿಡಿದು, ಬಾಟಲಿಯ ಮುಚ್ಚಳ ತೆಗೆಯುವ ದಿಕ್ಕಿಗೆ ತಿರುಗಿಸಿದರೆ ಅದು ಬರುತ್ತದೆ. ಬಟ್ಟಲು ಬಿಚ್ಚಿರುವಾಗ ಮೇಲಿನ ನಲ್ಲಿ ಯಾರೂ ತಿರುಗಿಸದಂತೆ ನೋಡಿಕೊಳ್ಳಿ. ಹಾಗೆಯೇ ಬಿಚ್ಚಿದ ಕೊಳಕು ನೀರನ್ನು ಅದೇ ಬೇಸಿನ್‌ಗೆ ಸುರಿಯುವ ಅಭ್ಯಾಸಬಲ ಎಲ್ಲರಿಗೂ ಇರುತ್ತದೆ, ಅದರ ಬಗ್ಗೆಯೂ ಎಚ್ಚರವಿರಲಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಳಗೋಡೆ ತಿಕ್ಕಿ, ರಬ್ಬರ್ ವಾಷರ್ ತನ್ನ ಜಾಗದಲ್ಲಿ ಕೂತಿದೆಯೇ ಎಂದು ನೋಡಿ, ಕೈಬಿಗಿಯಷ್ಟೇ ತಿರುಗಿಸಬೇಕು. ಸ್ಪ್ಯಾನರ್ ಹಾಕಿ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ. ಕೊನೆಗೆ ಅಡಿಯಲ್ಲಿ ಒಣ ಪತ್ರಿಕೆ ಹಾಸಿ, ಬೇಸಿನ್ ತುಂಬಿಸಿ ಒಮ್ಮೆಲೇ ನೀರು ಬಿಟ್ಟರೆ ಒಂದು ಹನಿ ಸೋರಿದರೂ ಕಾಗದ ಹೇಳುತ್ತದೆ.

ಬಟ್ಟಲು ಶುದ್ಧವಾಗಿದ್ದೂ ನೀರು ನಿಂತರೆ ತಡೆ ಗೋಡೆಯೊಳಗಿನ ಕೊಳವೆಯಲ್ಲಿದೆ. ನೆಲದ ಜಾಲಿಯಲ್ಲೂ ನೀರು ಮೇಲೇಳುತ್ತಿದ್ದರೆ ಇನ್ನೂ ಮುಂದಿದೆ. ಆಗ ಕೊಳವೆಯೊಳಗೆ ಉದ್ದದ ಸ್ಪ್ರಿಂಗ್ ತೂರಿಸಿ ಕಸ ಬಿಡಿಸುವವರನ್ನು ಕರೆಸಬೇಕು. ರಬ್ಬರ್ ಪಂಪಿನಿಂದ ಒತ್ತಿ ನೋಡುವವರು ಬೇಸಿನ್ ಅಂಚಿನ ಚಿಕ್ಕ ತೂತನ್ನು ಒದ್ದೆ ಬಟ್ಟೆಯಿಂದ ಮುಚ್ಚದೆ ಒತ್ತಿದರೆ ಗಾಳಿ ಅಲ್ಲಿಂದ ಹೋಗುತ್ತದೆಯೇ ಹೊರತು ಕಸ ಕದಲುವುದಿಲ್ಲ. ಅಡುಗೆ ಸೋಡಾ ಮತ್ತು ವಿನೆಗರ್ ನೊರೆ ನೋಡಲು ಚಂದ. ಕೂದಲನ್ನು ಅದೇನೂ ಮಾಡದು.

ಬೇಸಿನ್ ಕಟ್ಟಿಕೊಳ್ಳಲು ನಮ್ಮ ಮನೆಗಳಲ್ಲಿ ನಮ್ಮದೇ ಕಾರಣಗಳಿವೆ. ಮುಖಕ್ಕೆ ಹಚ್ಚಿದ ಕಡಲೆಹಿಟ್ಟು, ತಲೆಯ ಸೀಗೆಪುಡಿ, ಮೆಹಂದಿ, ಇವೆಲ್ಲ ನೀರು ಕುಡಿದು ಊದಿಕೊಂಡು ಕೂದಲಿಗೆ ಗಾರೆಯಂತೆ ಅಂಟುತ್ತವೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸಾಬೂನು ನೊರೆಯಾಗುವ ಬದಲು ಬಿಳಿ ಗಸಿಯಾಗಿ ಕೊಳವೆಯ ಗೋಡೆಗೆ ಕೂರುತ್ತದೆ. ಕಡಲೆಹಿಟ್ಟು, ಸೀಗೆಪುಡಿ, ಮೆಹಂದಿಗಳನ್ನು ಬೇಸಿನ್ ಬದಲು ಬಕೆಟ್‌ನಲ್ಲಿ ತೊಳೆದು ಆ ನೀರನ್ನು ಗಿಡದ ಬುಡಕ್ಕೆ ಸುರಿಯುವುದು ಒಳ್ಳೆಯದು. ತೂತಿನ ಮೇಲೆ ಸಣ್ಣ ಕಣ್ಣಿನ ಸ್ಟೀಲ್ ಜಾಲಿ ಇಟ್ಟು, ಗಡ್ಡ ಬೋಳಿಸಿದ ಕೂದಲನ್ನು ಕಾಗದದಿಂದ ಒರೆಸಿ ಕಸದ ಬುಟ್ಟಿಗೆ ಹಾಕಿ, ತಿಂಗಳಿಗೊಮ್ಮೆ ಬಟ್ಟಲು ಬಿಚ್ಚುತ್ತಿರುವುದರಿಂದ ಈಗ ನಮ್ಮ ಬೇಸಿನ್‌ನಲ್ಲಿ ನೀರು ನಿಲ್ಲುವುದಿಲ್ಲ.

ನಿಮ್ಮ ಮನೆಯಲ್ಲಿ ಈಗಾಗಲೇ ಯಾರಾದರೂ ಪುಡಿ ಹಾಕಿ, ನೀರು ಇಳಿಯದೆ ನಿಂತಿದ್ದರೆ ಪಂಪಿನಿಂದ ಒತ್ತಬೇಡಿ, ಬಿಸಿನೀರು ಸೇರಿಸಬೇಡಿ, ಬರಿಗೈಯಲ್ಲಿ ಟ್ರ್ಯಾಪ್ ಬಿಚ್ಚಬೇಡಿ. ಕಿಟಕಿ ತೆರೆದು, ಮಕ್ಕಳು ಹೋಗದಂತೆ ಬಾಗಿಲು ಹಾಕಿ, ಪುಡಿಯ ಖಾಲಿ ಪ್ಯಾಕೆಟ್ಟನ್ನು ಎಸೆಯದೆ ಇಟ್ಟುಕೊಂಡು, ಬರುವ ಪ್ಲಂಬರ್‌ಗೆ ಅವರು ಚೀಲ ಬಿಚ್ಚುವ ಮೊದಲೇ ಅದನ್ನು ತೋರಿಸಿ. ಅದನ್ನು ನೋಡಿದ ಮೇಲೂ ಅವರು ಆಸಿಡ್ ಬಾಟಲಿ ಹೊರತೆಗೆದರೆ, ಬಂದ ಕೂಲಿ ಕೊಟ್ಟು ಹಿಂದಕ್ಕೆ ಕಳಿಸಿ, ಟ್ರ್ಯಾಪ್ ಬಿಚ್ಚಲು ಒಪ್ಪುವ ಬೇರೆಯವರನ್ನು ಕರೆಯಿರಿ.