ಕೌಲ್ ಬಜಾರಿನ ಮೀನಂಗಡಿ: ಮೊದಲು ಸ್ಲೇಟು ಓದಿ, ಆಮೇಲೆ ಮೀನು ನೋಡಿ

ಬಳ್ಳಾರಿಯಲ್ಲಿ ಸಮುದ್ರದ ಮೀನು ಎಲ್ಲಾದರೂ ಸಿಗುತ್ತದೆ. ಎಲ್ಲಿಂದ ಬಂತು, ಯಾವತ್ತು ಬಂತು ಅಂತ ಹೇಳುವವರು ಕಮ್ಮಿ. ಕೌಲ್ ಬಜಾರ್ ಕಡೆ ಇರುವ ಈ ಪುಟ್ಟ ಅಂಗಡಿಯಲ್ಲಿ ಅದನ್ನು ಸ್ಲೇಟಿನ ಮೇಲೆ ಬರೆದು ಇಟ್ಟಿರುತ್ತಾರೆ. ಅಂಗಡಿಗೆ ಹೆಸರಿಲ್ಲ, ಬೋರ್ಡಿನಲ್ಲಿ ‘ಸಮುದ್ರದ ಮೀನು’ ಅಂತ ಅಷ್ಟೇ ಇದೆ.

ನಾನು ಅದಿರು ಲಾರಿ ಓಡಿಸಿದವನು. ಸಂಡೂರಿನಲ್ಲಿ ಲೋಡ್ ತುಂಬಿಸಿಕೊಂಡು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲೆ ಪಕ್ಕದ ಬೇಲೆಕೇರಿ ಬಂದರಿಗೆ ಹೋಗುತ್ತಿದ್ದೆ. ಲೋಡ್ ಇಳಿಸಲು ಒಂದೊಂದು ಸಲ ಎರಡು ದಿನ ಕಾಯಬೇಕಿತ್ತು. ಬಂಗುಡೆ ತಿನ್ನುವುದು ಕಲಿತದ್ದು ಅಲ್ಲೇ, ಮೀನು ನೋಡಿ ಆರಿಸುವುದು ಕಲಿತದ್ದೂ ಅಲ್ಲೇ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು, ಬೆರಳಲ್ಲಿ ಒತ್ತಿದರೆ ಗುಂಡಿ ಉಳಿಯಬಾರದು. 2010ರ ಜುಲೈಯಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಲಾರಿ ಮಾರಿದೆ. ಅದಿರು ಇಳಿದು ಹೋದ ದಾರಿಯಲ್ಲೇ ಈಗ ಈ ಅಂಗಡಿಗೆ ಮೀನು ಹತ್ತಿ ಬರುತ್ತದೆ, ಅಂಕೋಲೆಯಿಂದ 300 ಕಿಲೋಮೀಟರಿಗೂ ಜಾಸ್ತಿ.

ಇದಕ್ಕೆ ಮುಂಚೆ ಬೇರೆ ಕಡೆ ಮೀನು ತರುತ್ತಿದ್ದೆ. ಒಂದು ಸಲ ಬಂಗುಡೆ ಅಂತ ಕೊಟ್ಟರು. ನಮ್ಮ ಮನೆಯವಳು ಚೀಲ ಸುರಿದು, “ಇಷ್ಟು ಸಣ್ಣವು ಯಾಕ ತಂದ್ರಿ?” ಅಂದಳು. ಮೊಮ್ಮಗನ ಸ್ಕೇಲು ಹಿಡಿದು ಅಳೆದೆ. 11 ಸೆಂಟಿಮೀಟರ್. ಕೇರಳದಲ್ಲಿ 2015ರಿಂದ 14 ಸೆಂಟಿಮೀಟರಿಗಿಂತ ಸಣ್ಣ ಬಂಗುಡೆ ಹಿಡಿಯುವಂತಿಲ್ಲ. ಬೂತಾಯಿಗೆ (ಸಾರ್ಡೀನ್) 10. ಒಂದು ಸಲವೂ ಮೊಟ್ಟೆ ಇಡದ ಮರಿಯನ್ನು ಹಿಡಿದರೆ ಮುಂದಿನ ವರ್ಷ ಬಲೆಗೆ ಏನು ಬರುತ್ತದೆ? ಅಂಥ ಮರಿಗಳು ರಾಶಿಗಟ್ಟಲೆ ಮೀನಿನ ಹಿಟ್ಟು ಮಾಡುವ ಫ್ಯಾಕ್ಟರಿಗೆ ಹೋಗುತ್ತವೆ. ಅವತ್ತು ಆ ಸಾರು ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಈ ಅಂಗಡಿಯ ಹುಡುಗ ಕುಮಟಾ ಕಡೆಯವನು. ಸಣ್ಣ ಬಂಗುಡೆ ಕೇಳಿದವರಿಗೆ, “ಅಣ್ಣಾ, ಅದು ಮರಿ. ನಾನು ತರಿಸಲ್ಲ” ಅಂತ ನೇರವಾಗಿ ಹೇಳುತ್ತಾನೆ. ಗಿರಾಕಿ ಎದ್ದು ಹೋದರೂ ಸರಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲ ಅಂದರೆ ಎಷ್ಟೋ ಜಾತಿಯ ಮೀನುಗಳು ಮೊಟ್ಟೆ ಇಡುವ ಕಾಲ. ಆ 61 ದಿನ ಅವನ ಸ್ಲೇಟೂ ಬದಲಾಗುತ್ತದೆ. ಮೊದಲ ಎರಡು ವಾರ ಒಣಮೀನು, ತುಂಗಭದ್ರಾ ಡ್ಯಾಮಿನ ಕಾಟ್ಲಾ, ರೋಹು ಅಷ್ಟೇ. ಜೂನ್ 15 ಆದ ಮೇಲೆ ‘ಕಾಕಿನಾಡ’ ಅಂತ ಕಾಣಿಸುತ್ತದೆ, ಯಾಕೆಂದರೆ ಕಾಕಿನಾಡ ಇರುವ ಪೂರ್ವ ಕರಾವಳಿಯ ಮೀನುಗಾರಿಕೆ ರಜೆ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಇದನ್ನೆಲ್ಲ ಇಷ್ಟು ಸಲೀಸಾಗಿ ತಿಳಿಸಿಕೊಟ್ಟ ಅಂಗಡಿ ನಾನು ಬೇರೆ ನೋಡಿಲ್ಲ.

ಅವನ ಮಾತು ಕೇಳಿಯೇ ಹೋದ ವರ್ಷ ನಾನು, ನಮ್ಮ ಮನೆಯವಳು ಕುಮಟಾ ಹತ್ತಿರದ ಅಘನಾಶಿನಿ ನದಿ ನೋಡಿಬಂದೆವು. ಲಾರಿ ಓಡಿಸುವಾಗ ಅಷ್ಟು ಹತ್ತಿರ ಹೋದರೂ ನೋಡಿರಲಿಲ್ಲ. ಆ ನದಿಗೆ ಒಂದು ಅಣೆಕಟ್ಟೂ ಇಲ್ಲ. ಸಿಹಿನೀರು ಉಪ್ಪುನೀರು ಸೇರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಬೇರು ಹರಡಿ ಕೆಸರನ್ನು ಹಿಡಿದು ನಿಂತಿವೆ. ಆ ಬೇರುಗಳ ಸಂದಿಯಲ್ಲೇ ಸಿಗಡಿ, ಮೀನಿನ ಮರಿಗಳು ಬೆಳೆಯುತ್ತವೆ. ಅಲೆಯ ಹೊಡೆತವನ್ನೂ ಆ ಗಿಡಗಳೇ ತಗ್ಗಿಸುತ್ತವೆ. ಪಕ್ಕದ ಗಜನಿ ಗದ್ದೆಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಇತ್ತ ಮಂಗಳೂರು ಬಳಿಯ ಉಳ್ಳಾಲ, ಸೋಮೇಶ್ವರದ ಕಡೆ ಕಡಲ್ಕೊರೆತಕ್ಕೆ ಕಲ್ಲು ಸುರಿದು ಸುರಿದು ಸಾಕಾಗಿದೆ. ಗಿಡ ಇರುವ ಕಡೆ ಅದನ್ನು ಕಡಿಯದೆ ಬಿಟ್ಟರೆ ಎಷ್ಟೋ ಉಳಿಯುತ್ತದೆ ಅನ್ನಿಸಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ಅದೇ ಪಟ್ಟಿಯಲ್ಲಿ ನಮ್ಮ ಹಗರಿಬೊಮ್ಮನಹಳ್ಳಿಯ ಅಂಕಸಮುದ್ರ ಕೆರೆಯೂ ಇತ್ತು, ಗೊತ್ತಲ್ವಾ?

ಕೊರತೆಗಳೂ ಇವೆ. ಕಿಲೋಗೆ ಬೇರೆ ಕಡೆಗಿಂತ 40-50 ರೂಪಾಯಿ ಜಾಸ್ತಿ. ನನಗೆ ಅದು ಸರಿ ಅನ್ನಿಸುತ್ತದೆ, ಆದರೆ ದಿನಗೂಲಿ ಮಾಡುವವರಿಗೆ ಹೊರೆಯೇ. ಅವರಿಗಾಗಿ ಡ್ಯಾಮಿನ ಮೀನನ್ನು ವರ್ಷವಿಡೀ ಇಟ್ಟರೆ ಒಳ್ಳೆಯದು. ಕ್ಲೀನ್ ಮಾಡಲು ಒಬ್ಬನೇ ಇದ್ದಾನೆ, ಭಾನುವಾರ ಅರ್ಧ ಗಂಟೆ ಕಾಯಬೇಕು. ತೂಕ ಮಾತ್ರ ಸರಿಯಾಗಿದೆ. ಐಸ್ ಧಾರಾಳವಾಗಿ ಹಾಕುತ್ತಾರೆ.

ಇನ್ನೊಂದು ಮಾತು ಹುಡುಗನಿಗೂ ಹೇಳಿದ್ದೇನೆ. ಸ್ಲೇಟಿನಲ್ಲಿ ಊರು, ತಾರೀಕಿನ ಜೊತೆ ಹೇಗೆ ಹಿಡಿದದ್ದು ಅಂತಲೂ ಬರೆಯಲಿ. ದೊಡ್ಡ ಲೈಟು ಹಾಕಿ ಮೀನು ಸೆಳೆದು ಹಿಡಿಯುವುದನ್ನು, ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ನಾವು ಕೇಳದಿದ್ದರೆ ಬಂದರಿನಲ್ಲಿ ಯಾರು ಕೇಳುತ್ತಾರೆ? “ವಿಚಾರಿಸುತ್ತೇನೆ ಅಣ್ಣಾ, ಗೊತ್ತಾದಷ್ಟು ಬರೆಯುತ್ತೇನೆ” ಅಂದಿದ್ದಾನೆ.

ಬುಧವಾರ ಮತ್ತು ಭಾನುವಾರ ಗಾಡಿ ಬರುತ್ತದೆ. ಬೆಳಿಗ್ಗೆ 8ರೊಳಗೆ ಹೋಗಿ. 10ರ ಮೇಲೆ ಬಂಗುಡೆ ಉಳಿಯುವುದಿಲ್ಲ.